ಫಾರ್ವರ್ಡ್ ಮಾಡುವ ಕನ್ನಡಾಭಿಮಾನ

ಇವತ್ತು ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇವೆ. ಓದುವವರಿಗೆ ಬೇಸರ ಆಗಬಹುದು. ಆದರೆ ಅಡ್ಡಿಯಿಲ್ಲ, ಪೂರ್ತಿ ಓದಿದ ಮೇಲೆ ಬೇಸರ ಮಾಡಿಕೊಳ್ಳಿ. ಅರ್ಧ ಓದಿ ಕೋಪಿಸಿಕೊಳ್ಳುವುದು, ಓದದೆಯೇ ಮುಂದಕ್ಕೆ ಕಳಿಸುವುದು, ಇವೆರಡೇ ಇವತ್ತಿನ ರೋಗ. ಅದರ ಬಗ್ಗೆಯೇ ಈ ಬರಹ.

ಮೊನ್ನೆ ಸ್ಟಾಫ್ ರೂಮಿನಲ್ಲಿ ಚಾ ಕುಡಿಯುತ್ತಾ ಕೂತಿದ್ದೆವು. ಹೊರಗೆ ಜಡಿಮಳೆ. ಮೇಜಿನ ಮೇಲಿದ್ದ ಫೋನುಗಳೆಲ್ಲ ಒಂದರ ಹಿಂದೆ ಒಂದು 'ಟಿಣ್' ಅಂದವು. ಎಲ್ಲರಿಗೂ ಒಂದೇ ಮೆಸೇಜು. ಪ್ರಪಂಚದ ಭಾಷೆಗಳಲ್ಲಿ ಕನ್ನಡಕ್ಕೆ ಇಂತಿಷ್ಟನೇ ಸ್ಥಾನ ಎಂದು ಯುನೆಸ್ಕೋ ಘೋಷಿಸಿದೆಯಂತೆ, ನಿಜವಾದ ಕನ್ನಡಿಗರಾದರೆ ಹತ್ತು ಜನರಿಗೆ ಕಳಿಸಬೇಕಂತೆ! ಪಾಪ ಯುನೆಸ್ಕೋ! ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಅತ್ಯುತ್ತಮ ಎಂದು ಅದು ಹೇಳಿತೆಂಬ ಸುಳ್ಳು ಇಮೇಲಿನ ಕಾಲದಿಂದಲೂ ತಿರುಗುತ್ತಾ ಉಂಟು. ರಾಷ್ಟ್ರಗೀತೆಗಳಿಗೆ ರ‍್ಯಾಂಕು ಕೊಡುವುದು ಅದರ ಕೆಲಸವೇ ಅಲ್ಲ. ಆದರೆ ಯಾರು ಕೇಳಬೇಕು?

ತಮಾಷೆ ಅದಲ್ಲ. ಆ ಮೆಸೇಜಿನ ಕೆಳಗೆ ಕಳಿಸಿದವರು ತಮ್ಮದೂ ಒಂದು ಸಾಲು ಸೇರಿಸಿದ್ದರು: ಹೆಮ್ಮೆಯ ಕನ್ನಡಿಗ ಅಂತ. ಅದು ಇಂಗ್ಲಿಷ್ ಅಕ್ಷರದಲ್ಲಿ! ಕನ್ನಡ ಲಿಪಿಯನ್ನು ಹೊಗಳುವ ಮೆಸೇಜು, ಅದಕ್ಕೆ ಸ್ವಂತದ್ದೊಂದು ಮಾತು ಸೇರಿಸಬೇಕಾದಾಗ ಕನ್ನಡ ಲಿಪಿ ಬೇಡ. ನಾವೆಲ್ಲ ನಕ್ಕೆವು. ಆಮೇಲೆ ಒಬ್ಬೊಬ್ಬರೇ ನಮ್ಮ ನಮ್ಮ ಫೋನು ತೆಗೆದು ಹಿಂದಿನ ವಾರ ನಾವೇ ಕಳಿಸಿದ ಮೆಸೇಜುಗಳನ್ನು ನೋಡಿಕೊಂಡೆವು. ನಗು ನಿಂತಿತು.

ನೆನಪುಂಟಲ್ಲ, 2021ರ ಜೂನ್ ತಿಂಗಳು? ಭಾರತದ ಅತ್ಯಂತ ಕೆಟ್ಟ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ 'ಕನ್ನಡ' ಎಂದು ಉತ್ತರ ಕೊಡುತ್ತಿತ್ತು. ಒಂದೇ ದಿನದಲ್ಲಿ ಊರೆಲ್ಲ ಬೊಬ್ಬೆ. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವರು ನೋಟೀಸು ಕೊಡುತ್ತೇವೆ ಎಂದರು. ಪಕ್ಷಭೇದವಿಲ್ಲದೆ ಎಲ್ಲರೂ ಖಂಡಿಸಿದರು. ಗೂಗಲ್ ಕ್ಷಮೆ ಕೇಳಿತು, ಉತ್ತರ ಮಾಯವಾಯಿತು. ಸರಿಯೇ, ಸಿಟ್ಟು ಬರಬೇಕಾದದ್ದೇ. ಗಡಿಯ ಈಚೆ ಕೂತ ನಮಗೂ ಬಂತು, ಇನ್ನೂ ಸ್ವಲ್ಪ ಜಾಸ್ತಿಯೇ ಬಂತು.

ಆದರೆ ಆ ಯಂತ್ರ ಹಾಗೆ ಹೇಳಿದ್ದೇಕೆ ಎಂದು ಎಷ್ಟು ಜನ ಯೋಚಿಸಿದರು? ಅದಕ್ಕೆ ಕನ್ನಡದ ಮೇಲೆ ದ್ವೇಷ ಇರಲಿಲ್ಲ, ಬುದ್ಧಿಯೂ ಇರಲಿಲ್ಲ. ಯಾವುದೋ ಮೂಲೆಯ ಒಂದು ಇಂಗ್ಲಿಷ್ ಪುಟದಲ್ಲಿ ಯಾರೋ ಬರೆದ ಸಾಲನ್ನು ಎತ್ತಿ ಮೇಲೆ ಇಟ್ಟಿತು, ಅಷ್ಟೆ. ಯಂತ್ರ ಕೂಡ ಫಾರ್ವರ್ಡ್ ಮಾಡಿತು ಮಾರಾಯ್ರೇ! ಯಾರು ಬರೆದದ್ದು, ಯಾಕೆ ಬರೆದದ್ದು ಎಂದು ನೋಡದೆ ಮುಂದಕ್ಕೆ ತಳ್ಳಿತು. ನಾವು ದಿನಾ ಮಾಡುವ ಕೆಲಸವನ್ನೇ ಅದು ಒಂದು ಸಲ ಮಾಡಿದ್ದಕ್ಕೆ ನಮಗೆ ಅಷ್ಟು ಸಿಟ್ಟು.

ಸರಿ, ಬೈದಾಯಿತು. ಬೈದ ಮೇಲೆ ಏನು ಮಾಡಿದೆವು? 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಮಲಯಾಳದವರು 3 ಕೋಟಿ 48 ಲಕ್ಷ. ಎರಡೂ ಭಾಷೆಯ ವಿಕಿಪೀಡಿಯ ಹೆಚ್ಚು ಕಮ್ಮಿ ಒಂದೇ ಕಾಲಕ್ಕೆ, 2002-2003ರಲ್ಲಿ, ಶುರುವಾದದ್ದು. ಇವತ್ತು ಲೇಖನಗಳ ಲೆಕ್ಕದಲ್ಲಿ ಮಲಯಾಳದ್ದು ಕನ್ನಡದ ಎರಡು ಪಟ್ಟಿಗಿಂತ ಹೆಚ್ಚು. ಅವರಿಗೆ ಯಾರೂ ನೋಟೀಸು ಕೊಟ್ಟು ಬರೆಸಿದ್ದಲ್ಲ. ಕೂತು ಬರೆದರು. ಅವರ ಅಕ್ಷರ ಕಂಪ್ಯೂಟರಿನಲ್ಲಿ ಸರಿಯಾಗಿ ಮೂಡದಿದ್ದಾಗ ಹುಡುಗರು ಗುಂಪು ಕಟ್ಟಿಕೊಂಡು ಫಾಂಟು ಮಾಡಿದರು, ಯುನಿಕೋಡಿನವರ ಹತ್ತಿರ ವರ್ಷಗಟ್ಟಲೆ ಜಗಳ ಮಾಡಿದರು. ನಾವು ಕೇರಳದಲ್ಲಿ ಇದ್ದುಕೊಂಡು ಮಲಯಾಳದ ಒತ್ತಾಯದ ಬಗ್ಗೆ ದೂರುತ್ತೇವೆ. 2017ರ ಮಲಯಾಳ ಕಲಿಕೆಯ ಕಾನೂನು ಬಂದಾಗ ಬೀದಿಗೆ ಇಳಿದವರಲ್ಲಿ ನಾವೂ ಇದ್ದೆವು, ಆ ದೂರು ಇವತ್ತಿಗೂ ಉಂಟು. ಆದರೆ ಅವರು ತಮ್ಮ ಭಾಷೆಗೆ ಮಾಡಿದ ಕೆಲಸವನ್ನು ಕಣ್ಣು ಮುಚ್ಚಿ ನೋಡದೆ ಇರಲು ಆಗುವುದಿಲ್ಲ.

ಇನ್ನು ಫೋನಿನ ಕನ್ನಡ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರಿಗೆ ಒಂದು ಪರೀಕ್ಷೆ ಕೊಡುತ್ತೇವೆ. ಬಿ-ಇ-ಎಲ್-ಇ. ಓದಿ. ಬೆಲೆಯೋ, ಬೆಳೆಯೋ, ಬೇಳೆಯೋ? ನಮ್ಮ ಪೋಷಕರೊಬ್ಬರು ಅಡಿಕೆಯ ವಿಷಯ ಬರೆದಿದ್ದರು: ಈ ವರ್ಷ ಅದು ಇಲ್ಲ, ಹಾಗಾಗಿ ಪ್ರವಾಸದ ದುಡ್ಡು ಮುಂದಿನ ತಿಂಗಳು ಕೊಡುತ್ತೇನೆ ಎಂದು. ಬೆಲೆ ಇಲ್ಲದ್ದೋ, ಕೊಳೆರೋಗ ಬಂದು ಬೆಳೆಯೇ ಇಲ್ಲದ್ದೋ ತಿಳಿಯದೆ ನಾವು "ಬೆಲೆ ಏರುತ್ತದೆ, ಚಿಂತೆ ಬೇಡ" ಎಂದು ಸಮಾಧಾನ ಹೇಳಿದೆವು. ಅವರ ತೋಟ ಪೂರ್ತಿ ಕೊಳೆರೋಗಕ್ಕೆ ಹೋಗಿತ್ತು. ನಮ್ಮ ಸಮಾಧಾನ ಅವರಿಗೆ ಕುಹಕದ ಹಾಗೆ ಕೇಳಿತು. ಒಂದು ಳಕಾರ ಇದ್ದಿದ್ದರೆ ಸಾಕಿತ್ತು.

ಟೈಪು ಮಾಡುವುದು ಕಷ್ಟ ಎನ್ನುತ್ತೀರಿ. ಒಂದು ಕಾಲದಲ್ಲಿ ಆ ಮಾತು ನಿಜವಾಗಿತ್ತು. 1998ರಲ್ಲಿ ಬರಹ ಬಂತು, ಆಮೇಲೆ ನುಡಿ ಬಂತು. ನಾವು ಒಂದರಲ್ಲಿ ಟೈಪು ಮಾಡಿದ ಪ್ರಶ್ನೆಪತ್ರಿಕೆ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಬರೀ ಡಬ್ಬಿ ಡಬ್ಬಿ, ಪ್ರಶ್ನಾರ್ಥಕ ಚಿಹ್ನೆ. ಆ ಕಷ್ಟದಲ್ಲೂ ನಮ್ಮವರು ಬರೆದರು. ನಮ್ಮ ಕರಾವಳಿಯವರೇ ಆದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ ಕನ್ನಡ ಟೈಪಿಂಗನ್ನು ಎಷ್ಟು ಸುಲಭ ಮಾಡಿತೆಂದರೆ ಅದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಈಗಂತೂ ಫೋನಿನಲ್ಲೇ ಕನ್ನಡದ ಕೀಲಿಮಣೆ ಉಂಟು. ಟೈಪು ಬೇಡವಾದರೆ ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತದೆ. ಗೂಗಲ್ ಈ ಸೌಲಭ್ಯವನ್ನು ಕನ್ನಡಕ್ಕೆ ತಂದದ್ದು 2017ರಲ್ಲಿ. ತುಳು ಕೂಡ ಬಂದಾಯಿತು! 2016ರಲ್ಲಿ ತುಳು ವಿಕಿಪೀಡಿಯ, 2024ರಲ್ಲಿ ಗೂಗಲ್ ಅನುವಾದದಲ್ಲಿ ತುಳು, ಅದೇ ವರ್ಷ ಯುನಿಕೋಡಿನಲ್ಲಿ ತುಳು ಲಿಪಿ. ಎಂಟನೇ ಪರಿಚ್ಛೇದದಲ್ಲಿ ಜಾಗ ಸಿಗದ ಭಾಷೆಯವರು ಹಟ ಹಿಡಿದು ಇಷ್ಟು ಮಾಡಿದರು. ಶಾಸ್ತ್ರೀಯ ಸ್ಥಾನ ಸಿಕ್ಕಿದ ಭಾಷೆಯವರಿಗೆ ಕೀಲಿಮಣೆ ಬದಲಿಸುವಷ್ಟು ಪುರುಸೊತ್ತಿಲ್ಲ.

ಇದೆಲ್ಲ ಮೇಷ್ಟ್ರುಗಳ ಪಿರಿಪಿರಿ, ಅಕ್ಷರ ಯಾವುದಾದರೇನು, ವಿಷಯ ತಿಳಿದರೆ ಸಾಲದೇ ಎಂದು ಕೇಳುವವರು ಉಂಟು. ವಿಷಯಕ್ಕೇ ಬರೋಣ.

2025ರ ಜೂನ್ 23, ಸೋಮವಾರ. ರಾತ್ರಿ ಹತ್ತರ ಹೊತ್ತಿಗೆ ಇರಾನ್ ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ನೆಲೆಯ ಮೇಲೆ ಕ್ಷಿಪಣಿ ಹಾರಿಸಿತು. ಕತಾರಿನ ಆಕಾಶ ಮುಚ್ಚಿತು, ಅಕ್ಕಪಕ್ಕದ ದೇಶಗಳದ್ದೂ ಸ್ವಲ್ಪ ಹೊತ್ತು ಮುಚ್ಚಿತು. ನಿಮಗೆ ಅದು ಟಿವಿಯ ಸುದ್ದಿ. ನಮ್ಮ ಊರಿಗೆ ಅದು ಮನೆಯ ಸುದ್ದಿ. ಕಾಸರಗೋಡಿನ ಯಾವ ತರಗತಿಯಲ್ಲಿ ಬೇಕಾದರೂ ಕೇಳಿ ನೋಡಿ, ಅಪ್ಪನೋ ಮಾವನೋ ಚಿಕ್ಕಪ್ಪನೋ ಗಲ್ಫಿನಲ್ಲಿ ಇಲ್ಲದ ಮಕ್ಕಳು ಕಡಿಮೆ. ನಮ್ಮಲ್ಲಿ ವಿದೇಶಾಂಗ ವ್ಯವಹಾರ ಎಂದರೆ ಅಡುಗೆಮನೆಯ ವ್ಯವಹಾರ. ಅಲ್ಲಿ ಬಾಂಬು ಬಿದ್ದರೆ ಇಲ್ಲಿ ಒಲೆ ಆರುತ್ತದೆ.

ಆ ರಾತ್ರಿ ನಮ್ಮ ಶಾಲೆಯ ಪೋಷಕರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಕಟ್ಟಡಗಳು ಉರಿಯುತ್ತಿವೆ, ಆಕಾಶದಲ್ಲಿ ಬೆಂಕಿಯ ಗೆರೆಗಳು. ಕೆಳಗೆ, ದೋಹಾ ಏರ್ಪೋರ್ಟು ಹೋಯಿತು ಎಂದು ಒಂದು ಸಾಲು. ನಮ್ಮ ಐದನೇ ತರಗತಿಯ ಒಬ್ಬ ಹುಡುಗನ ಅಪ್ಪ ದೋಹಾದಲ್ಲಿ ರಾತ್ರಿ ಪಾಳಿಯ ಕೆಲಸದವರು. ಅವನ ಅಮ್ಮ ಫೋನು ಮಾಡಿದರೆ ಲೈನು ಸಿಗದು. ಅಜ್ಜಿ ಎದೆ ಬಡಿದುಕೊಂಡರು. ಇಡೀ ರಾತ್ರಿ ಆ ಮನೆಯಲ್ಲಿ ದೀಪ ಆರಲಿಲ್ಲ. ಬೆಳಗ್ಗಿನ ಜಾವ ಅಪ್ಪನ ಫೋನು ಬಂತು: ಏನೂ ಆಗಿಲ್ಲ, ರೂಮಿನಲ್ಲೇ ಇದ್ದೆ ಅಂತ. ಆ ದಾಳಿಯಲ್ಲಿ ಯಾರೂ ಸತ್ತಿರಲಿಲ್ಲ. ಏರ್ಪೋರ್ಟಿಗೆ ಬೆಂಕಿಯೂ ಬಿದ್ದಿರಲಿಲ್ಲ. ಆ ವಿಡಿಯೋ ದೋಹಾದ್ದೇ ಅಲ್ಲ. ಕಂಪ್ಯೂಟರ್ ಆಟದ ದೃಶ್ಯದ ಹಾಗಿತ್ತು. ಇಂಥದ್ದು ಹೊಸತೂ ಅಲ್ಲ. ಆರ್ಮಾ 3 ಎಂಬ ಆಟದ ದೃಶ್ಯಗಳನ್ನು ಯುದ್ಧದ ವಿಡಿಯೋ ಎಂದು ಹಂಚುವುದು ಎಷ್ಟು ಹೆಚ್ಚಿತೆಂದರೆ, ಆಟ ಮಾಡಿದ ಕಂಪೆನಿಯೇ 2022ರಲ್ಲಿ ಹೇಳಿಕೆ ಕೊಟ್ಟು, ಇಂಥವನ್ನು ಗುರುತಿಸುವುದು ಹೇಗೆಂದು ವಿವರಿಸಬೇಕಾಯಿತು.

ಮರುದಿನ ಹುಡುಗ ಕ್ಲಾಸಿಗೆ ಬಂದ. ಕಣ್ಣು ಕೆಂಪಗೆ. ಏನೂ ಕೇಳಲಿಲ್ಲ, ಒಂದೇ ಪ್ರಶ್ನೆ ಕೇಳಿದ: "ಅದನ್ನು ಯಾರು ಹಾಕಿದ್ದು ಮಾಷ್ಟ್ರೇ?"

ಹಾಕಿದ್ದು ನಮ್ಮಲ್ಲೇ ಒಬ್ಬರು. ಹೌದು, ಮೇಷ್ಟ್ರುಗಳೇ. ಸುದ್ದಿ ಎಲ್ಲರಿಗೂ ತಿಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು. ಎಲ್ಲಿಂದ ಬಂತು ಎಂದು ನೋಡಲಿಲ್ಲ, ಒಂದು ಸ್ವಂತ ವಾಕ್ಯ ಬರೆಯಲಿಲ್ಲ, ಬೆರಳು ಒತ್ತಿತು, ಹೋಯಿತು. ತರಗತಿಯಲ್ಲಿ ಉತ್ತರ ಬರೆಯುವಾಗ 'ಪಕ್ಕದವನದ್ದು ನೋಡಿ ಬರೆಯಬೇಡ' ಎಂದು ಹೇಳುವವರು ನಾವು.

1990ರಲ್ಲಿ ಇರಾಕ್ ಕುವೈತಿನೊಳಗೆ ನುಗ್ಗಿದಾಗಲೂ ಈ ಊರಿನ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಸುಮಾರು 1 ಲಕ್ಷ 70 ಸಾವಿರ ಭಾರತೀಯರನ್ನು ಅಮ್ಮಾನಿನ ಮೂಲಕ ಏರ್ ಇಂಡಿಯಾದ ವಿಮಾನಗಳಲ್ಲಿ ತಂದರು. ಆಗ ನಮಗೆ ಗತಿ ಎಂದರೆ ರೇಡಿಯೋ. ಬೆಳಗ್ಗೆ 7.35ಕ್ಕೆ ಕನ್ನಡ ವಾರ್ತೆ. ಅಂಗಡಿಯ ಮುಂದೆ ಜನ ನಿಂತು ಕೇಳುತ್ತಿದ್ದರು. ಸುದ್ದಿ ತಡವಾಗಿ ಬರುತ್ತಿತ್ತು, ಸ್ವಲ್ಪವೇ ಬರುತ್ತಿತ್ತು. ಆದರೆ ಯಾರೋ ಒಬ್ಬರು ಕೂತು, ಆ ಸುದ್ದಿಯನ್ನು ಓದಿ, ಅರ್ಥ ಮಾಡಿಕೊಂಡು, ಕನ್ನಡದಲ್ಲಿ ಬರೆದಿರುತ್ತಿದ್ದರು. ಹಳೆಯದೆಲ್ಲ ಚಿನ್ನ ಎಂದು ಹೇಳುತ್ತಿಲ್ಲ. ಆ ರೇಡಿಯೋ ಸರಕಾರದ್ದು, ಹೇಳದೆ ಬಿಟ್ಟದ್ದೂ ಇತ್ತು. ನಾವು ಹೇಳುವುದು ಇಷ್ಟೇ: ನಡುವೆ ಒಂದು ತಲೆ ಇತ್ತು. ಈಗ ಬೆರಳು ಮಾತ್ರ ಉಂಟು.

ಬರೀ ಬೆರಳಿದ್ದರೆ ಏನಾಗುತ್ತದೆ ಎಂದು 2018ರಲ್ಲಿ ನೋಡಿದ್ದೇವೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿ ಊರೂರು ತಿರುಗಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐದು ಮಂದಿಯನ್ನು ಹೊಡೆದು ಕೊಂದರು. ಭಿಕ್ಷೆಗೆ ಹೋಗಿದ್ದ ಅಲೆಮಾರಿ ಗೋಸಾವಿಗಳು ಅವರು, ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯವರು. ಬಸವಣ್ಣನವರು ಇದ್ದ ಮಂಗಳವಾಡವೇ ಅದು, ಗಡಿಯಾಚೆಯ ನಮ್ಮದೇ ಇನ್ನೊಂದು ಮೂಲೆ. ಎರಡು ವಾರ ಕಳೆಯುವುದರೊಳಗೆ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರನನ್ನು ಕೊಂದರು. ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ನೆಪ. ಆಮೇಲೆ ವಾಟ್ಸಾಪಿನವರು ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದು ಎಂದು ಮಿತಿ ಹಾಕಿದರು. ನೋಡಿ, ಆರು ಜನ ಸತ್ತದ್ದಕ್ಕೆ ಕಂಪೆನಿ ಬೆರಳಿಗೆ ಲಗಾಮು ಹಾಕಿತು. ತಲೆಗೆ ಹಾಕುವುದು ಅದರಿಂದ ಆಗುವುದಿಲ್ಲ. ಅದು ಶಾಲೆಯ ಕೆಲಸ, ಮನೆಯ ಕೆಲಸ.

ಈಗ ಗಡಿಯ ಆಚೆ ಇರುವ, ಅಂದರೆ ಕರ್ನಾಟಕದ ಒಳಗೆ ಇರುವ ಅಣ್ಣ ತಮ್ಮಂದಿರಿಗೆ ಒಂದು ಮಾತು. ಪ್ರತೀ ನವೆಂಬರ್ 1ಕ್ಕೆ ನೀವು ಹಾಕುವ ನಕ್ಷೆಗಳನ್ನು ನೋಡುತ್ತೇವೆ. ಕಾಸರಗೋಡು ನಮ್ಮದು, ಸೊಲ್ಲಾಪುರ ನಮ್ಮದು, ಅಕ್ಕಲಕೋಟೆ ನಮ್ಮದು. ಹಳದಿ ಕೆಂಪು ಬಣ್ಣ, ಭುವನೇಶ್ವರಿಯ ಚಿತ್ರ. ಮಹಾಜನ ವರದಿ ಜಾರಿಯಾಗಲಿ ಎಂಬ ಘೋಷಣೆ. 1967ರ ಆ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರಿಗೆ ಸೇರಬೇಕು ಎಂದಿತ್ತು. ನಮ್ಮ ಹಿರಿಯರು ಅದಕ್ಕಾಗಿ ಜೈಲಿಗೂ ಹೋದರು. ನಕ್ಷೆ ನೋಡಿ ನಮಗೂ ಎದೆ ತುಂಬುತ್ತದೆ, ಸುಳ್ಳು ಹೇಳುವುದಿಲ್ಲ.

ಆದರೆ 2020ರ ಮಾರ್ಚ್ ಕೊನೆಯ ವಾರ ನೆನಪಿಸಿಕೊಳ್ಳಿ. ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ತಲೆಮಾರಿನಿಂದಲೂ ಮಂಗಳೂರು. ಡಯಾಲಿಸಿಸ್ಸಿಗೆ ಹೋಗುವವರು, ಹೃದಯದ ಕಾಯಿಲೆಯವರು ಗಡಿಯಲ್ಲೇ ನಿಂತರು. ಕೆಲವರು ಆಸ್ಪತ್ರೆ ಕಾಣದೆಯೇ ತೀರಿಕೊಂಡರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ದಾರಿ ಬಿಡಿಸಿ ಎಂದಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆಗ ಕಾಸರಗೋಡಿನಲ್ಲಿ ಕೊರೋನಾ ಹೆಚ್ಚಿತ್ತು, ಹೆದರಿಕೆ ಸುಳ್ಳಲ್ಲ. ಹೆದರಿಕೆಗೆ ನಮ್ಮ ದೂರಿಲ್ಲ. ಆದರೆ ಆ ದಿನಗಳಲ್ಲಿ ಫೇಸ್‌ಬುಕ್ಕಿನಲ್ಲಿ, ವಾಟ್ಸಾಪಿನಲ್ಲಿ, ಚಂದದ ಕನ್ನಡದಲ್ಲಿ, ಕಾಸರಗೋಡಿನವರನ್ನು ಒಳಗೆ ಬಿಡಲೇಬೇಡಿ ಎಂದು ಬರೆದ ಸಾಲುಗಳನ್ನು ನಾವು ಓದಿದೆವು. ಆ ಸಲ ಯಾರೂ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರಲಿಲ್ಲ! ನವೆಂಬರಿನಲ್ಲಿ ಕಾಸರಗೋಡು ನಮ್ಮದು, ಮಾರ್ಚಿನಲ್ಲಿ ಕಾಸರಗೋಡಿನವರು ಯಾರೋ. ನೆಲ ಬೇಕು, ಜನ ಬೇಡ. ಈ ಅಭಿಮಾನವೂ ಫಾರ್ವರ್ಡ್ ಆಗಿ ಬಂದದ್ದೇ. ಸ್ವಂತದ್ದಾಗಿದ್ದರೆ ಒಂದು ರಾತ್ರಿಯಾದರೂ ನಿದ್ದೆ ಕೆಡಿಸುತ್ತಿತ್ತು.

ಅದಿರಲಿ. ಗಡಿಯವರು ಅನಾಥರು ಎಂದು ಅಳುವುದಕ್ಕೆ ಈ ಬರಹ ಅಲ್ಲ. ನಮಗೆ ಅಳುವ ಪರಂಪರೆ ಇಲ್ಲ, ಬರೆಯುವ ಪರಂಪರೆ ಉಂಟು. ಮಂಜೇಶ್ವರದ ಒಂದು ಮನೆಯಲ್ಲಿ ಕೂತು ಗೋವಿಂದ ಪೈಗಳು ಎಷ್ಟೊಂದು ಭಾಷೆ ಕಲಿತರು! ಯೇಸುವಿನ ಕೊನೆಯ ದಿನದ ಬಗ್ಗೆ 'ಗೊಲ್ಗೊಥಾ' ಬರೆದರು, ಬುದ್ಧನ ಬಗ್ಗೆ 'ವೈಶಾಖಿ' ಬರೆದರು. ಜೆರುಸಲೇಮಿನ ಕತೆಯನ್ನು ಅರಬ್ಬಿ ಸಮುದ್ರದ ದಡದಲ್ಲಿ, ಕನ್ನಡದಲ್ಲಿ. ಅವರಿಗೂ ಪ್ರಪಂಚದ ಸುದ್ದಿ ಬೇಕಿತ್ತು, ನಮಗಿಂತ ಹೆಚ್ಚೇ ಬೇಕಿತ್ತು. ಆದರೆ ಅವರು ಅದನ್ನು ಓದಿ, ಅರಗಿಸಿಕೊಂಡು, ತಮ್ಮ ಮಾತಿನಲ್ಲಿ ಹೇಳಿದರು. ಪ್ರಪಂಚವನ್ನು ಕನ್ನಡಕ್ಕೆ ತರುವುದು ಎಂದರೆ ಅದು. ಇಂಗ್ಲಿಷಿನಿಂದಲೋ ಹಿಂದಿಯಿಂದಲೋ ಬಂದ ಸುಳ್ಳು ವಿಡಿಯೋಕ್ಕೆ ಎರಡು ಅಳುವ ಮುಖ ಅಂಟಿಸುವುದಲ್ಲ.

ನಮ್ಮಿಂದ ಆಗುವುದಿಲ್ಲ ಎಂದೂ ಹೇಳಬೇಡಿ. 2020ರ ಜೂನಿನಲ್ಲಿ ಕೇರಳದಲ್ಲಿ ಫಸ್ಟ್ ಬೆಲ್ ಆನ್‌ಲೈನ್ ತರಗತಿ ಶುರುವಾದಾಗ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಪಾಠ ಬೇಕಿತ್ತು. ಕ್ಯಾಮರಾ ಕಂಡರೆ ಬೆವರುತ್ತಿದ್ದ ಮೇಷ್ಟ್ರುಗಳು, ಟೀಚರುಗಳು ಫೋನನ್ನು ಪುಸ್ತಕದ ಅಟ್ಟಿಗೆ ಒರಗಿಸಿಟ್ಟು ಪಾಠ ಮಾಡಲು ಕಲಿತರು. ಅದೇ ಫೋನು, ಅದೇ ವಾಟ್ಸಾಪು. ಬೇಕು ಅನ್ನಿಸಿದಾಗ ಬೆರಳಿನ ಹಿಂದೆ ತಲೆ ಬಂತು.

ಈಗಂತೂ ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಯಂತ್ರಗಳು ಬಂದಿವೆ. ಹೈಸ್ಕೂಲಿನ ಮಕ್ಕಳು ಹೋಂವರ್ಕ್ ಅದರಲ್ಲೇ ಮಾಡಿಕೊಂಡು ಬರುತ್ತಾರೆ, ನಮಗೆ ಓದಿದ ಕೂಡಲೇ ಗೊತ್ತಾಗುತ್ತದೆ. ಆ ಯಂತ್ರಗಳು ಕಲಿಯುವುದು ಎಲ್ಲಿಂದ? ಜನ ಬರೆದಿಟ್ಟದ್ದರಿಂದ. ನಮ್ಮ ಊರಿನ ಬಗ್ಗೆ, ನಮ್ಮ ಭೂತಕೋಲದ ಬಗ್ಗೆ, ಅಡಿಕೆಯ ಕೊಳೆರೋಗದ ಬಗ್ಗೆ ನಾವು ಕನ್ನಡದಲ್ಲಿ ಬರೆದಿಡದಿದ್ದರೆ ಅದು ಏನು ಹೇಳೀತು? ಏನೋ ಒಂದು ಹೇಳುತ್ತದೆ. ಆಗ ಇನ್ನೊಂದು ಸಲ ಬೊಬ್ಬೆ ಹೊಡೆಯುತ್ತೇವೆ, ಇನ್ನೊಂದು ಕ್ಷಮೆ ಬರುತ್ತದೆ.

ಹಾಗಾಗಿ ನಮ್ಮ ಶಾಲೆಯಲ್ಲಿ ನಾವು ಒಂದು ನಿಯಮ ಮಾಡಿಕೊಂಡೆವು. ಮಕ್ಕಳಿಗಲ್ಲ, ನಮಗೆ. ಪೋಷಕರ ಗುಂಪಿನಲ್ಲಿ ಕನ್ನಡ ಕನ್ನಡದಲ್ಲೇ. ಮಲಯಾಳ ಮನೆಮಾತಿನವರು ಮಲಯಾಳ ಲಿಪಿಯಲ್ಲಿ ಬರೆಯಲಿ, ಸಂತೋಷ, ನಮಗೆ ಓದಲು ಬರುತ್ತದೆ. ಹೊರಗಿನಿಂದ ಬಂದದ್ದನ್ನು ಹಾಕಲೇಬೇಕಾದರೆ ಇದು ಯಾರದ್ದು, ಎಲ್ಲಿಯದ್ದು, ಯಾವಾಗಿನದ್ದು ಎಂದು ಸ್ವಂತ ಮಾತಿನಲ್ಲಿ ಒಂದು ವಾಕ್ಯ ಬರೆದು ಹಾಕಬೇಕು. ಬರೆಯಲು ಆಗದಿದ್ದರೆ ಹಾಕಬಾರದು. ಅಷ್ಟೆ. ಗುಂಪಿನ ಮೆಸೇಜು ನೂರರಿಂದ ಹತ್ತಕ್ಕೆ ಇಳಿಯಿತು. ಆ ಹತ್ತನ್ನು ಎಲ್ಲರೂ ಓದುತ್ತಾರೆ.

ದೋಹಾದ ಹುಡುಗನಿಗೆ ಯಾರು ಹಾಕಿದ್ದು ಎಂದು ಹೇಳಿದೆವು. ಹಾಕಿದವರೇ ಅವನ ಮನೆಗೆ ಹೋಗಿ ಅಜ್ಜಿಯ ಹತ್ತಿರ ತಪ್ಪಾಯಿತು ಎಂದರು. ಅಜ್ಜಿ ಚಾ ಮಾಡಿ ಕೊಟ್ಟರಂತೆ, ಬೈಯಲಿಲ್ಲವಂತೆ. "ನಿಮ್ಮ ಶಾಲೆಯಿಂದ ಬಂದದ್ದಲ್ವಾ, ಸತ್ಯವೇ ಇರಬೇಕು ಅಂತ ಗ್ರಹಿಸಿದೆ" ಎಂದರಂತೆ.

ಬೈದಿದ್ದರೇ ಚೆನ್ನಾಗಿತ್ತು.